ಫೆಸೆಂಟ್ ಬೇಟೆ: ಹಕ್ಕಿಯ ಓಟ, ನಾಯಿಯ ನಿಲುವು

ಅಮೆರಿಕದ ದಕ್ಷಿಣ ಡಕೋಟ ರಾಜ್ಯದಲ್ಲಿ ಅಕ್ಟೋಬರ್ ತಿಂಗಳ ಮೂರನೆಯ ಶನಿವಾರವೆಂದರೆ ಊರಹಬ್ಬವಿದ್ದಂತೆ. ಫೆಸೆಂಟ್ ಹಕ್ಕಿಯ ಬೇಟೆಯ ಋತು ಅಂದು ಆರಂಭವಾಗುತ್ತದೆ. ಹೊರರಾಜ್ಯಗಳಿಂದ ಸಾವಿರಾರು ಬೇಟೆಗಾರರು ನಾಯಿಗಳೊಡನೆ ಬಂದಿಳಿಯುತ್ತಾರೆ; ಸಣ್ಣಪುಟ್ಟ ಪಟ್ಟಣಗಳ ವಸತಿಗೃಹಗಳಲ್ಲಿ ಕೋಣೆ ಸಿಗುವುದು ಕಷ್ಟವಾಗುತ್ತದೆ.

ಫೆಸೆಂಟ್ ನವಿಲು, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದ ಹಕ್ಕಿ. ಹುಂಜದ ತಲೆಗೆ ಹಸಿರು ಹೊಳಪು, ಕಣ್ಣಿನ ಸುತ್ತ ಕೆಂಪು, ಕೊರಳಿಗೆ ಬಿಳಿಯ ಪಟ್ಟಿ, ತಾಮ್ರವರ್ಣದ ಮೈ, ನೀಳವಾದ ಬಾಲ. ಹೇಂಟೆಯದು ಒಣಹುಲ್ಲಿನ ಬಣ್ಣ. ಅದರ ತವರು ಏಷ್ಯಾ. ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವೆನ್ ಡೆನ್ನಿ 1881-82ರಲ್ಲಿ ಚೀನಾದಿಂದ ಆರೆಗಾನ್ ರಾಜ್ಯಕ್ಕೆ ಕಳುಹಿಸಿದ ಹಕ್ಕಿಗಳಿಂದ ಅದು ಅಮೆರಿಕದಲ್ಲಿ ನೆಲೆಯೂರಿತು. ದಕ್ಷಿಣ ಡಕೋಟದ ಮೊದಲ ಬೇಟೆ ನಡೆದದ್ದು 1919ರಲ್ಲಿ, ಸ್ಪಿಂಕ್ ಕೌಂಟಿಯಲ್ಲಿ, ಅದೂ ಒಂದೇ ದಿನ. 1943ರಲ್ಲಿ ಈ ಪರದೇಶಿ ಹಕ್ಕಿಗೆ ರಾಜ್ಯಪಕ್ಷಿಯ ಪಟ್ಟವೂ ದೊರೆಯಿತು.

ಮೂಗಿನ ಕೆಲಸ

ಬೇಟೆಗೆ ಬಳಸುವ ನಾಯಿಗಳಲ್ಲಿ ಎರಡು ಬಗೆ. ಸ್ಪೇನಿಯಲ್, ಲ್ಯಾಬ್ರಡಾರ್ ಮುಂತಾದವು ಪೊದೆಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತವೆ. ಇಂಗ್ಲಿಷ್ ಪಾಯಿಂಟರ್, ಸೆಟರ್, ಬ್ರಿಟನಿ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ತಳಿಗಳ ಕ್ರಮವೇ ಬೇರೆ. ಇವು ಗಾಳಿಗೆ ಎದುರಾಗಿ ಅತ್ತಿಂದಿತ್ತ ಸುಳಿಯುತ್ತಾ ಹುಲ್ಲನ್ನು ಜಾಲಾಡುತ್ತವೆ. ಹಕ್ಕಿಯ ವಾಸನೆ ಮೂಗಿಗೆ ಬಡಿದ ಕ್ಷಣವೇ ಕಲ್ಲಿನ ವಿಗ್ರಹದಂತೆ ನಿಂತುಬಿಡುತ್ತವೆ. ಮೂತಿ ಹಕ್ಕಿಯಿರುವ ದಿಕ್ಕಿಗೆ ಚಾಚಿರುತ್ತದೆ. ಎಷ್ಟೋ ವೇಳೆ ಮುಂಗಾಲೊಂದು ಎತ್ತಿದಂತೆಯೇ ಇರುತ್ತದೆ. ಎರಗುವ ಮುನ್ನ ಪ್ರಾಣಿ ಅರೆಕ್ಷಣ ತಡೆಯುವ ಸಹಜ ಗುಣವನ್ನೇ ಮನುಷ್ಯ ತಳಿ ಆಯ್ಕೆಯಿಂದ ನಿಮಿಷಗಟ್ಟಲೆ ಹಿಗ್ಗಿಸಿದ್ದಾನೆ ಎಂಬುದು ಸಾಮಾನ್ಯವಾಗಿ ನೀಡಲಾಗುವ ವಿವರಣೆ. ಜೊತೆಯ ನಾಯಿ ಅದನ್ನು ಕಂಡರೆ ತಾನೂ ಇದ್ದಲ್ಲಿಯೇ ನಿಲ್ಲಬೇಕು. ಎತ್ತರದ ಹುಲ್ಲಿನಲ್ಲಿ ನಾಯಿ ಕಣ್ಣಿಗೆ ಬೀಳದ ಕಾರಣ ಕೊರಳಿಗೆ ಗಂಟೆ ಕಟ್ಟುವ ರೂಢಿಯಿತ್ತು. ಗಂಟೆಯ ಸದ್ದು ನಿಂತಿತೆಂದರೆ ಹಕ್ಕಿ ಸಿಕ್ಕಿತೆಂದು ಅರ್ಥ. ಈಗ ಆ ಕೆಲಸವನ್ನು ಬಹುಮಟ್ಟಿಗೆ ಜಿಪಿಎಸ್ ಕೊರಳಪಟ್ಟಿ ಮಾಡುತ್ತದೆ.

ಬೇಟೆಗಾರ ನಾಯಿಯನ್ನು ದಾಟಿ ಮುಂದೆ ನಡೆದು ಹಕ್ಕಿಯನ್ನು ತಾನೇ ಎಬ್ಬಿಸಬೇಕು. ಕಷ್ಟವಿರುವುದು ಇಲ್ಲಿ. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಫೆಸೆಂಟ್ ಹೆಚ್ಚಾಗಿ ಕುಳಿತಲ್ಲೇ ಕುಳಿತಿರುತ್ತದೆ. ಕಾಡಿನಲ್ಲೇ ಹುಟ್ಟಿ ಬೆಳೆದ ಹುಂಜ ಹಾಗಲ್ಲ. ಹಾರುವುದಕ್ಕಿಂತ ಓಡುವುದೇ ಅದಕ್ಕೆ ಇಷ್ಟ. ನಾಯಿ ನಿಂತಿದೆ, ಬೇಟೆಗಾರ ಹತ್ತಿರ ಬಂದಿದ್ದಾನೆ, ಆದರೆ ಅಲ್ಲಿ ಉಳಿದಿರುವುದು ಬರೀ ವಾಸನೆ! ಹುಂಜ ಆಗಲೇ ನೂರು ಗಜ ದೂರದ ಜೊಂಡಿನೊಳಗೆ ಸೇರಿರುತ್ತದೆ. ಎಳೆಯ ನಾಯಿಗಳು ಇದರಿಂದ ಕಂಗೆಟ್ಟು ಹಕ್ಕಿಯ ಬೆನ್ನಟ್ಟುವ ದುರಭ್ಯಾಸ ಕಲಿಯುತ್ತವೆ. ಅನುಭವಿ ನಾಯಿ ಮೆಲ್ಲನೆ ಜಾಡು ಹಿಡಿದು ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಕೆಲವು ಚಾಣಾಕ್ಷ ನಾಯಿಗಳು ಬಳಸಿ ಹೋಗಿ ಓಟದ ದಾರಿಯನ್ನೇ ತಡೆಯುವುದುಂಟು. ಇದನ್ನು ಯಾವ ತರಬೇತುದಾರನೂ ಕಲಿಸಲಾರ. ನಾಯಿಗೆ ಹಕ್ಕಿಯೇ ಗುರು.

ಋತುವಿನ ಆರಂಭದ ಬಿಸಿಲು ನಾಯಿಗೆ ದೊಡ್ಡ ಶತ್ರು. 2003ರ ಮೊದಲ ವಾರಾಂತ್ಯದಲ್ಲಿ ದಕ್ಷಿಣ ಡಕೋಟದಲ್ಲಿ ಬಿಸಿಲಿನ ತಾಪಕ್ಕೆ ನೂರಕ್ಕೂ ಹೆಚ್ಚು ಬೇಟೆನಾಯಿಗಳು ಸತ್ತವೆಂದು ವರದಿಯಾಗಿತ್ತು. ಓಡುವ ಹುರುಪಿನಲ್ಲಿ ನಾಯಿ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಿ ನೀರು ಕುಡಿಸಬೇಕಾದವನು ಒಡೆಯ.

ಹುಂಜಕ್ಕೆ ಮಾತ್ರ ಗುಂಡು

ದಿನಕ್ಕೆ ತಲಾ ಮೂರು ಹುಂಜಗಳಷ್ಟೇ ಅಲ್ಲಿನ ಮಿತಿ. ಹೇಂಟೆಯನ್ನು ಕೊಲ್ಲುವಂತಿಲ್ಲ. ಹಕ್ಕಿ ಮೇಲೆದ್ದಾಗ ಹೇಂಟೆ ಎಂದು ಕಂಡವರು ಕೂಗಿ ಹೇಳುತ್ತಾರೆ, ಕೋವಿಗಳು ಕೆಳಗಿಳಿಯುತ್ತವೆ. ಹೊಡೆದ ಹಕ್ಕಿಯನ್ನು ಸಾಗಿಸುವಾಗ ಹುಂಜವೆಂದು ಗುರುತಿಸಲು ತಲೆ, ಕಾಲು ಅಥವಾ ಗರಿಗಳನ್ನು ಉಳಿಸಿಕೊಂಡಿರಬೇಕು. ಒಂದು ಹುಂಜ ಹಲವು ಹೇಂಟೆಗಳೊಡನೆ ಕೂಡುವುದರಿಂದ ಹುಂಜಗಳ ಸಂಖ್ಯೆ ತಗ್ಗಿದರೂ ಮುಂದಿನ ವರ್ಷದ ಮರಿಗಳಿಗೆ ಕೊರತೆಯಾಗದು ಎಂಬುದು ಈ ನಿಯಮದ ಹಿಂದಿನ ಲೆಕ್ಕ.

ಹಾಗಾದರೆ ಫೆಸೆಂಟ್ ಕಡಿಮೆಯಾಗುವುದೇಕೆ? ಕಾರಣ ಹುಲ್ಲು. ಹೇಂಟೆ ನೆಲದ ಮೇಲೆ ಸುಮಾರು ಒಂದು ಡಜನ್ ಮೊಟ್ಟೆಯಿಟ್ಟು 23ರಿಂದ 25 ದಿನ ಕಾವು ಕೊಡುತ್ತದೆ. ಅಷ್ಟು ದಿನ ಕುಯ್ಲಾಗದೆ ನಿಂತ ಹುಲ್ಲು ಅದಕ್ಕೆ ಬೇಕು. ಮರಿಗಳಿಗೆ ಮೊದಲ ವಾರಗಳಲ್ಲಿ ಆ ಹುಲ್ಲಿನ ಕೀಟಗಳೇ ಆಹಾರ. ಹಿಮಗಾಳಿ ಬೀಸಿದಾಗ ಜೊಂಡು ತುಂಬಿದ ಜೌಗು ಆಸರೆಯಾಗುತ್ತದೆ. 1985ರ ಕೃಷಿ ಕಾಯ್ದೆಯಡಿ ಕೇಂದ್ರ ಸರ್ಕಾರವು ಸವಕಳಿಗೆ ತುತ್ತಾಗುವ ಜಮೀನನ್ನು 10ರಿಂದ 15 ವರ್ಷ ಉಳದೆ ಬಿಡುವ ರೈತರಿಗೆ ವಾರ್ಷಿಕ ಬಾಡಿಗೆ ಕೊಡಲಾರಂಭಿಸಿದಾಗ ಫೆಸೆಂಟ್‌ಗಳು ಮತ್ತೆ ಹೆಚ್ಚಿದವು. ಈ ಯೋಜನೆಯಡಿ ದೇಶಾದ್ಯಂತ 2007ರಲ್ಲಿ ಸುಮಾರು 3.68 ಕೋಟಿ ಎಕರೆ ಜಮೀನಿತ್ತು. 2020ರ ವೇಳೆಗೆ ಅದು ಸುಮಾರು 2.2 ಕೋಟಿಗೆ ಇಳಿಯಿತು. ನಡುವೆ ಎಥನಾಲ್ ಬೇಡಿಕೆಯಿಂದ ಮೆಕ್ಕೆಜೋಳದ ಬೆಲೆ ಏರಿದ್ದರಿಂದ ಹುಲ್ಲುಗಾವಲುಗಳಿಗೆ ನೇಗಿಲು ಬಿದ್ದಿತ್ತು.

ಹೀಗಾಗಿ ಹುಲ್ಲಿನ ಪರವಾಗಿ ಗಟ್ಟಿಯಾಗಿ ದನಿಯೆತ್ತುವವರಲ್ಲಿ ಬೇಟೆಗಾರರೇ ಮುಂದೆ. 1982ರಲ್ಲಿ ಮಿನೆಸೋಟದಲ್ಲಿ ಅವರು ಹುಟ್ಟುಹಾಕಿದ 'ಫೆಸೆಂಟ್ಸ್ ಫಾರೆವರ್' ಸಂಸ್ಥೆಯು ಜಮೀನು ಕೊಳ್ಳುವುದು, ಹುಲ್ಲು ಬಿತ್ತುವುದು, ರೈತರಿಗೆ ಯೋಜನೆಯ ತಿಳಿವಳಿಕೆ ನೀಡುವುದು ಮುಂತಾದ ಕೆಲಸಗಳಲ್ಲಿ ತೊಡಗಿದೆ. ಆದರೆ ಒಪ್ಪಂದದ ಅವಧಿ ಮುಗಿದ ಜಮೀನನ್ನು ಹುಲ್ಲಿಗೇ ಬಿಡಬೇಕೆ, ಉಳಬೇಕೆ ಎಂಬುದನ್ನು ರೈತ ಬಹುತೇಕ ಆ ವರ್ಷದ ಮೆಕ್ಕೆಜೋಳದ ಧಾರಣೆ ನೋಡಿಕೊಂಡೇ ತೀರ್ಮಾನಿಸುತ್ತಾನೆ.