ಮೂರು ಅಂಕೆಗಳಲ್ಲಿ ಒಂದು ಊರು

ಬಾಪೂಜಿ ನಗರದವರು ಕಾಗದ ಬರೆದರೆ ವಿಳಾಸದ ಕೊನೆಗೆ 560026 ಎಂದು ಬರೆಯುತ್ತಾರೆ. ಕಸ್ತೂರಬಾ ರಸ್ತೆಗೆ 560001. ಬಡಾವಣೆ ಬದಲಾದರೂ ಮೊದಲ ಮೂರು ಅಂಕೆಗಳು ಬದಲಾಗುವುದಿಲ್ಲ. 2025ರಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು ಸಂಸ್ಥೆ ಈ ನಗರದ ವಿಜ್ಞಾನದ ಕಥೆ ಹೇಳುವ ಪ್ರದರ್ಶನಕ್ಕೆ ‘ಸೈ560’ ಎಂದು ಹೆಸರಿಟ್ಟಾಗ ಬಳಸಿಕೊಂಡದ್ದು ಈ ಅಂಕೆಗಳನ್ನೇ.

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಹಲವು ಊರುಗಳು, ಹತ್ತಾರು ಭಾಷೆಗಳ ವಿಳಾಸಗಳು ಅಂಚೆ ವಿಂಗಡಣೆಯನ್ನು ಗೋಜಲಾಗಿಸಿದ್ದವು. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ಸಂಖ್ಯೆ ಅದಕ್ಕೆ ಪರಿಹಾರವಾಯಿತು. ಲಿಪಿ ತಿಳಿಯದಿದ್ದರೂ ಅಂಕೆ ತಿಳಿದರೆ ಸಾಕಾಯಿತು.

ಪ್ರದರ್ಶನದ ಲಾಂಛನವೂ ಮಾಡಬೇಕಾದದ್ದು ಇದನ್ನೇ. ಭಿತ್ತಿಪತ್ರ, ದಾರಿ ತೋರುವ ಫಲಕ, ವಸ್ತುವಿನ ಪಕ್ಕದ ವಿವರಣೆ ಎಲ್ಲಕ್ಕೂ ಒಂದೇ ಚಹರೆ ಇರಬೇಕು. ಅದು ಹೊಸಬರನ್ನು ಒಳಕ್ಕೆ ಕರೆಯಬೇಕು. 1925ರಲ್ಲಿ ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯ ಆರಂಭಿಸಿದ ಆಟೊ ನ್ಯೂರಾತ್ ಇದನ್ನು ಅರಿತಿದ್ದರು. ಅಂಕಿಅಂಶಗಳ ಕೋಷ್ಟಕ ಸಾಮಾನ್ಯ ಜನರನ್ನು ದೂರ ಸರಿಸುತ್ತದೆಂದು ಅವರು ಚಿತ್ರಗಳ ಮೊರೆಹೊಕ್ಕರು. ಒಂದು ಗೊಂಬೆ ಇಂತಿಷ್ಟು ಜನರಿಗೆ ಸಮ; ಸಂಖ್ಯೆ ಹೆಚ್ಚಿದರೆ ಗೊಂಬೆ ದೊಡ್ಡದಾಗುವುದಿಲ್ಲ, ಗೊಂಬೆಗಳು ಹೆಚ್ಚುತ್ತವೆ. ಕಲಾವಿದ ಗೆರ್ಡ್ ಆರ್ನ್ಟ್ಜ್ ಅಂಥ ಸಾವಿರಾರು ಚಿಹ್ನೆಗಳನ್ನು ಬರೆದುಕೊಟ್ಟರು. ಈ ಪದ್ಧತಿಗೆ ಮುಂದೆ ‘ಐಸೋಟೈಪ್’ ಎಂಬ ಹೆಸರು ಬಂತು.

ನಮ್ಮಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರ ಜುಲೈನಲ್ಲಿ ನೆಹರೂ ಉದ್ಘಾಟಿಸಿದರು. ವಿದ್ಯುತ್ತಿಗೆ ಸಂಬಂಧಿಸಿದ ಮೊದಲ ವಿಭಾಗ 1965ರಲ್ಲಿ ಜನರಿಗೆ ತೆರೆಯಿತು. ಅದರ ಅಂಗಳದಲ್ಲಿ ನಿಲ್ಲಿಸಿದ ಎಚ್.ಎಫ್.-24 ಮಾರುತ್ ವಿಮಾನ, 1961ರಲ್ಲಿ ಮೊದಲು ಹಾರಿದ ಎಚ್.ಎ.ಎಲ್. ಯುದ್ಧವಿಮಾನದ ಮಾದರಿಯದು. ಒಳಗೇನಿದೆ ಎಂಬುದನ್ನು ಅದು ಅಕ್ಷರ ಬಾರದ ಮಗುವಿಗೂ ಹೇಳುತ್ತದೆ. ಅದಕ್ಕಿಂತ ಒಳ್ಳೆಯ ಲಾಂಛನ ಬೇರೆ ಬೇಕೆ?

ವಿಜ್ಞಾನ ಎಂದರೆ ದೊಡ್ಡ ಸಂಸ್ಥೆಗಳ ಕಾಂಪೌಂಡಿನೊಳಗಿನ ಸಂಗತಿ ಎಂಬ ಭಾವನೆ ನಗರದಲ್ಲಿ ಇನ್ನೂ ಇದೆ. 560 ಎಂಬ ಗುರುತು ಆ ಗೋಡೆಯನ್ನು ದಾಟುತ್ತದೆ. ವಿಜ್ಞಾನಿಯ ವಿಳಾಸದಲ್ಲೂ ಅದೇ ಅಂಕೆ, ಮೈಸೂರು ರಸ್ತೆಯ ಮೆಕ್ಯಾನಿಕ್ಕಿನ ವಿಳಾಸದಲ್ಲೂ ಅದೇ. ಆದರೆ ಬಾಗಿಲ ಮೇಲಿನ ಗುರುತು ಕರೆದವರನ್ನು ಒಳಗಿನ ಬರಹ ಹಿಂದಕ್ಕೆ ಕಳಿಸಬಾರದು. ವಿವರಣೆ ಜನರ ಭಾಷೆಯಲ್ಲಿದ್ದಾಗ ಮಾತ್ರ ಕರೆದದ್ದಕ್ಕೆ ಅರ್ಥ. ಹೆಸರಿನ ‘ಸೈ’ ಸೈನ್ಸಿನ ಚಿಕ್ಕ ರೂಪವೇ ಇರಬಹುದು. ಕನ್ನಡದಲ್ಲಿ ಸೈ ಎನಿಸಿಕೊಳ್ಳುವುದು ಯಾವ ಪ್ರದರ್ಶನಕ್ಕಾದರೂ ನಿಜವಾದ ಪರೀಕ್ಷೆ.