ಕಟ್ಟೆಯಿಂದ ನ್ಯಾಯ ದೇಗುಲಕ್ಕೆ

ಬೆಂಗಳೂರಿನ ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಸುತ್ತಲಿನ ಹಳ್ಳಿಗಳು ಬಡಾವಣೆಗಳಾದಂತೆ ಅರಳಿಕಟ್ಟೆಯ ಪಂಚಾಯ್ತಿ ಹಿಂದೆ ಸರಿಯಿತು. ಅಣ್ಣತಮ್ಮಂದಿರ ಆಸ್ತಿಪಾಲಿನ ಜಗಳ ಕೋರ್ಟಿನ ಮೆಟ್ಟಿಲೇರಿತು.

ಎದುರುಬದುರು ಕೂತು ಮಾತಾಡುವ ಪದ್ಧತಿಗೆ ಮತ್ತೆ ಜೀವ ಬಂದದ್ದು 2007ರಲ್ಲಿ, ಹೈಕೋರ್ಟಿನ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾದಾಗ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಅದರ ನೆಲೆ. ಇಲ್ಲಿ ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಕೋರ್ಟು ಕಳಿಸಿದ ಪ್ರಕರಣದ ಕಕ್ಷಿದಾರರಿಬ್ಬರನ್ನೂ ಮೊದಲು ಒಟ್ಟಿಗೆ, ಆಮೇಲೆ ಬೇರೆ ಬೇರೆಯಾಗಿ ಕೂರಿಸಿಕೊಂಡು ತಾಳ್ಮೆಯಿಂದ ಕೇಳುತ್ತಾರೆ. ಒಳಗೆ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಕಟ್ಟೆಯಲ್ಲಾದರೆ ಊರೆಲ್ಲ ಕೇಳುತ್ತಿತ್ತು, ಹೆಣ್ಣುಮಕ್ಕಳ ದನಿಗೆ ಜಾಗ ಕಡಿಮೆಯಿತ್ತು. ಆ ಮಟ್ಟಿಗೆ ಈ ಮುಚ್ಚಿದ ಕೋಣೆಯೇ ಮೇಲು.

ರಾಜಿಯಾದರೆ ಇಬ್ಬರ ಸಹಿಯ ಒಪ್ಪಂದ ಕೋರ್ಟಿಗೆ ಹೋಗುತ್ತದೆ. ಆಗದಿದ್ದರೆ ಪ್ರಕರಣದ ವಿಚಾರಣೆ ಕೋರ್ಟಿನಲ್ಲೇ ಮುಂದುವರಿಯುತ್ತದೆ.