ಫಾರ್ಮ್‌ವಿಲ್‌ನ ಮೋಟನ್ ಶಾಲೆ

ಊರಿಗೊಂದು ಶಾಲೆ ಉಳಿಯುವುದೆಂದರೆ ಏನೆಂದು ಗಡಿಯ ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ಅಮೆರಿಕದ ಒಂದು ಶಾಲೆಯ ಚರಿತ್ರೆ ಕೇಳಿ.

ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಫಾರ್ಮ್‌ವಿಲ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ ಆಗ ಕರಿಯರ ಮಕ್ಕಳಿಗೆ ಒಂದು ಶಾಲೆ, ಬಿಳಿಯರ ಮಕ್ಕಳಿಗೆ ಇನ್ನೊಂದು. ಸೌಲಭ್ಯ ಸಮನಾಗಿದ್ದರೆ ಬೇರೆ ಬೇರೆ ಇಟ್ಟರೂ ತಪ್ಪಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1896ರಲ್ಲೇ ತೀರ್ಪು ಕೊಟ್ಟಿತ್ತು. ಬೇರೆ ಇಟ್ಟರು, ಸಮ ಎಂಬುದು ಕಾಗದದಲ್ಲೇ ಉಳಿಯಿತು.

ಕರಿಯರ ಮಕ್ಕಳಿಗಾಗಿ 1939ರಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡವೇ ಮೋಟನ್ ಹೈಸ್ಕೂಲು. ಕಟ್ಟಿದ್ದು 180 ಮಕ್ಕಳಿಗೆ. 1951ರಲ್ಲಿ ಓದುತ್ತಿದ್ದವರು 450ಕ್ಕೂ ಹೆಚ್ಚು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಇಬ್ಬರು ಕೂರುವ ಜಾಗದಲ್ಲಿ ಐವರು ಎಂದಾಯಿತು. ಉಳಿದವರಿಗೆ ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳು. ಮಳೆ ಬಂದರೆ ಸೋರುತ್ತಿತ್ತು. ಬಿಳಿಯರ ಶಾಲೆಯಲ್ಲಿದ್ದ ವ್ಯಾಯಾಮಶಾಲೆಯಾಗಲಿ, ಊಟದ ಕೋಣೆಯಾಗಲಿ ಇಲ್ಲಿರಲಿಲ್ಲ.

1951ರ ಏಪ್ರಿಲ್ 23ರಂದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ಹುಡುಗಿ ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿದಳು. ಮುಖ್ಯೋಪಾಧ್ಯಾಯರು ಅಡ್ಡಬಾರದಿರಲೆಂದು ಸುಳ್ಳು ಫೋನು ಮಾಡಿಸಿ ಅವರನ್ನು ಮೊದಲೇ ಹೊರಗೆ ಕಳಿಸಿಯಾಗಿತ್ತು. ಮಕ್ಕಳು ಎರಡು ವಾರ ಮುಷ್ಕರ ಹೂಡಿದರು. ಅವರು ಕೇಳಿದ್ದು ಒಳ್ಳೆಯ ಕಟ್ಟಡ. ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರು, ಬರೀ ಕಟ್ಟಡಕ್ಕಾಗಿ ಅಲ್ಲ, ಬೇರ್ಪಡಿಸುವುದೇ ತಪ್ಪೆಂದು ದಾವೆ ಹೂಡುವುದಾದರೆ ನಾವು ಬರುತ್ತೇವೆ ಎಂದರು. ಹೆತ್ತವರು ಒಪ್ಪಿದರು. ಬ್ರೌನ್ ಮೊಕದ್ದಮೆ ಎಂದು ಹೆಸರಾದ ಐದು ದಾವೆಗಳಲ್ಲಿ ಇದೂ ಒಂದು. ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ್ದು ಇದೊಂದೇ. 1954ರ ಮೇ 17ರಂದು ಅವರ ಪರವಾಗಿ ತೀರ್ಪಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸಲು ಮನಸ್ಸಿಲ್ಲದ ಕೌಂಟಿಯ ಆಡಳಿತ 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದು ನಿಂತಿತು. ಕರಿಯರ ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆ ಸೇರಿ ಓದಿದರು, ಹಲವರು ಓದನ್ನೇ ಬಿಟ್ಟರು. ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಬಾಗಿಲು ತೆರೆದದ್ದು 1964ರಲ್ಲಿ. ಆ ಹೊತ್ತಿಗೆ ಆರು ವರ್ಷದ ಮಗುವಿಗೆ ಹನ್ನೊಂದಾಗಿತ್ತು. ಕಳೆದ ಹಣವನ್ನು ಬಡ್ಡಿ ಸೇರಿಸಿ ಕೊಡಬಹುದು. ಆ ಐದು ವರ್ಷವನ್ನು ಯಾರು ತುಂಬಿಕೊಡಬೇಕು?

ಆ ಕಟ್ಟಡವನ್ನು 1998ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಮುಷ್ಕರಕ್ಕೆ ಐವತ್ತು ವರ್ಷ ತುಂಬಿದ 2001ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಬಂಧುಗಳೇ, ನಮ್ಮೂರ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾಗುತ್ತಿದ್ದರೆ ಬೀಗ ಬೀಳುವ ಮೊದಲೇ ವಿಚಾರಿಸಿ. ಬಿದ್ದ ಮೇಲೆ ತೆಗೆಸುವುದು ಎಷ್ಟು ಕಷ್ಟವೆಂದು ಫಾರ್ಮ್‌ವಿಲ್‌ನವರಿಗೆ ಗೊತ್ತು.